ಸೋಪು ಮುಗಿದ ವಾರ

“ನನ್ನ ಬ್ಯಾಕ್ಟೀರಿಯಾಗಳನ್ನ ಸಾಯಿಸೋಕೆ ನೀವ್ಯಾರ್ರೀ?”

ಕಥೆಯನ್ನು ಹೇಗೆ ಶುರು ಮಾಡಲಿ ಎಂದು ನಾನಿನ್ನೂ ತಲೆ ಕೆರೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ನಾಯಕಿಯೇ ಬಾಯಿ ಹಾಕಿದಳು. ಡೀಸೆಲ್‌ನಲ್ಲಿರುವ ಗಂಧಕವನ್ನು ಬ್ಯಾಕ್ಟೀರಿಯಾಗಳಿಗೆ ತಿನ್ನಿಸಿ ತೆಗೆಸುವುದು ಲ್ಯಾಬಿನಲ್ಲಿ ಅವಳ ಕೆಲಸ. ಗಂಧಕ ಉಳಿದರೆ ಅದರ ಹೊಗೆ ಊರಿನವರ ಎದೆಗೆ ಹೋಗುತ್ತದೆ. (ಇಷ್ಟು ವಿಜ್ಞಾನ ಸಾಕು.)

೨

ಮೊದಲ ಕರಡಿನಲ್ಲಿ ಬ್ಯಾಕ್ಟೀರಿಯಾಗಳೆಲ್ಲ ಸತ್ತವು, ಅವಳು ಕಿಟಕಿ ಹಿಡಿದು ಅತ್ತಳು. ಓದುಗರೇ, ಚೆನ್ನಾಗಿಯೇ ಇತ್ತು. ಅವಳು ಹರಿದುಹಾಕಿದಳು.

“ಸತ್ತಿಲ್ಲ. ಡೀಸೆಲ್ ಮುಟ್ತಿಲ್ಲ ಅಷ್ಟೆ. ಯಾಕೆ ಅಂತ ಹುಡುಕ್ತೀನಿ, ಸುಮ್ನಿರಿ.”

ಮೂರು ವರ್ಷ ಸಾಕಿದ ತಳಿ. ಇಂದು ಸಂಜೆಯೊಳಗೆ ಸೀಸೆಯಲ್ಲಿ ನೀಲಿ ಬಣ್ಣ ಕಾಣದಿದ್ದರೆ ಎಲ್ಲವನ್ನೂ ಬೇಯಿಸಿ ಚೆಲ್ಲಬೇಕೆಂದು ಸಾಹೇಬರು ಹೇಳಿಬಿಟ್ಟಿದ್ದರು. ನೀಲಿ ಬಂದರೆ ಗಂಧಕ ಕಳಚಿತೆಂದು ಅರ್ಥ.

೩

ಎರಡನೆಯ ಕರಡಿಗೆ ಒಬ್ಬ ಖಳನಾಯಕಿ ಬೇಕಿತ್ತು. ಅಲ್ಲೇ ಲ್ಯಾಬಿನಲ್ಲಿ ಸೀಸೆ ತೊಳೆಯುವ ನಾಯಕಿಯ ಅತ್ತಿಗೆಯನ್ನು ಹಿಡಿದೆ. (ಅತ್ತಿಗೆ-ನಾದಿನಿ ಜಗಳವಿದ್ದರೆ ಪುಟ ತಾನಾಗಿ ತಿರುಗುತ್ತದೆ.) ಆ ಹೆಂಗಸು ಕೈ ಒರೆಸಿಕೊಂಡು, ಸೋಪು ಮುಗಿದು ವಾರವಾಯಿತು, ಬಟ್ಟಿ ಇಳಿಸಿದ ನೀರಿನಲ್ಲೇ ಏಳೇಳು ಸಲ ತೊಳೆಯುತ್ತಿದ್ದೇನೆ, ಬೈಯುವುದಿದ್ದರೆ ಬೈದುಬಿಡಿ ಎಂದಳು.

ನಾದಿನಿ ಪೆನ್ನು ಕೆಳಗಿಟ್ಟಳು. “ಸೋಪು ಹಾಕೇ ಇಲ್ವಾ ಅತ್ತಿಗೆ?”

“ಇಲ್ಲಮ್ಮ. ನಿನಗೆ ಹೇಳೋಕೆ ಹೆದರಿಕೆ ಆಯ್ತು.”

ಆ ಸೋಪಿನಲ್ಲೂ ಗಂಧಕವಿತ್ತಂತೆ. ಇಷ್ಟು ದಿನ ಸೀಸೆಗೆ ಅಂಟಿದ್ದ ಅದನ್ನೇ ನೆಕ್ಕಿಕೊಂಡು ಬ್ಯಾಕ್ಟೀರಿಯಾಗಳು ಹಾಯಾಗಿದ್ದವು. ಕೂತಲ್ಲೇ ತುತ್ತು ಸಿಗುವಾಗ ಡೀಸೆಲ್‌ಗೆ ಯಾರು ಬಾಯಿ ಹಾಕುತ್ತಾರೆ? ನನ್ನ ಭಾವಮೈದುನನೂ ಹಾಗೆಯೇ. (ಈ ಸಾಲು ಹೊಡೆದುಹಾಕಬೇಕು. ಹೆಂಡತಿ ಓದುತ್ತಾಳೆ.)

೪

ಸೋಪಿಲ್ಲದೆ ತೊಳೆದ ಈ ವಾರದ ಸೀಸೆಯನ್ನು ಅವಳಿನ್ನೂ ಪರೀಕ್ಷಿಸಿರಲಿಲ್ಲ. ಈಗ ಬಣ್ಣ ತೋರಿಸುವ ಮದ್ದನ್ನು ಒಂದು ಹನಿ ಹಾಕಿದಳು. ಮೂವರೂ ಬಗ್ಗಿ ಕಾದೆವು. ಬರೆಯುವವನಿಗೇ ಮುಂದೇನೆಂದು ಗೊತ್ತಿರಲಿಲ್ಲ ಎಂದರೆ ನಂಬುತ್ತೀರಾ? ನಂಬದಿದ್ದರೆ ಬಿಡಿ.

ಮೊದಲು ಏನೂ ಇಲ್ಲ. ಆಮೇಲೆ ಮಸುಕಾಗಿ, ಆಮೇಲೆ ಗಟ್ಟಿಯಾಗಿ, ನೀಲಿ.

ಅತ್ತಿಗೆ ನೆಲದ ಮೇಲೆ ಕೂತುಬಿಟ್ಟಳು. ನಾಯಕಿ ಹೋಗಿ ಅವಳ ಒದ್ದೆ ಕೈಗಳನ್ನು ಹಿಡಿದುಕೊಂಡಳು. ಸಾಯಿಸಲು ಹೊರಟಿದ್ದ ನನಗೂ ಉಸಿರು ಹಗುರಾಯಿತು, ನಾಚಿಕೆಯೂ ಆಯಿತು.

೫

ಮುಗಿಸಲು ನನ್ನ ಬಳಿ ಮೂರು ಅಂತ್ಯಗಳಿದ್ದವು: ಪ್ರಶಸ್ತಿ ಬರುವುದು, ಸಾಹೇಬರು ಕ್ಷಮೆ ಕೇಳುವುದು, ಅತ್ತಿಗೆಗೆ ಬಡ್ತಿ. ಯಾವುದು ಬೇಕೆಂದು ಕೇಳಿದೆ.

“ನಿಮಗೆ ಬೇಕಾದ್ದು ಬರ್ಕೊಳ್ಳಿ. ನಮಗೆ ಬೆಳಗ್ಗಿಂದ ಊಟ ಇಲ್ಲ.”

ಇಬ್ಬರೂ ಎದ್ದು ಹೊರಟರು. ಕೊನೆಯ ಸಾಲು ಬಾಕಿಯಿದೆ, ನಿಲ್ಲಮ್ಮಾ ಎಂದು ಕೂಗಿದೆ. ಮೆಟ್ಟಿಲ ತನಕ ಅವರ ನಗು ಕೇಳುತ್ತಿತ್ತು. ಸೀಸೆ ಮುಂದಿಟ್ಟುಕೊಂಡು ಕೂತಿದ್ದೇನೆ. ಅವರಿನ್ನೂ ಬಂದಿಲ್ಲ.