ಚೀಲ ತುಂಬೋ ತನಕ

"ಏ ಹುಡುಗಿ, ಉಸುರ ಹಿಡಿ. ಫೋನಿನ್ಯಾಗ ಬ್ಯಾಳಿ ಕೊಳ್ಳೋ ಸೊಲ್ಲಾಪುರದ ಪಾರ್ಟಿ ಅದಾರ. ನಿನ್ನ ಎದಿ ಸೀಟಿ ಕೇಳಿ, ಮಿಲ್ಲಿನ್ಯಾಗ ಯಾವುದೋ ನಾಯಿ ಸಾಯಾಕತ್ತದ ಅಂತ ತಿಳಕೋತಾರ."

ಇಷ್ಟು ಹೇಳಿ ಧನರಾಜ ಸಾವಕಾರ ಫೋನನ್ನು ಮತ್ತೆ ಕಿವಿಗೆ ಹಚ್ಚಿದ. ಸಾಕ್ಷಿ ವೇಲಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಉಸಿರು ಹಿಡಿ ಅಂದರೆ ಎಲ್ಲಿಂದ ಹಿಡಿದಾಳು? ಹತ್ತೊಂಬತ್ತರ ಹುಡುಗಿ, ಒಂದು ಪುಟ್ಟಿ ಬೇಳೆ ಎತ್ತಿಟ್ಟು ಮುದುಕಿಯ ಹಾಗೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಅವಳ ತಾಯಿ ಜಿಜಾಬಾಯಿಗೆ ಆ ಫೋನು ಕಸಿದು ಸಾವಕಾರನ ಗಂಟಲಿಗೇ ತುರುಕಬೇಕು ಅನ್ನಿಸಿತು. ಆದರೆ ಕೇಳಿಕೊಳ್ಳಲು ಬಂದವಳು. ಸೆರಗು ಸರಿಮಾಡಿಕೊಂಡು ಕಾದಳು.

ಫೋನು ಮುಗಿಯಿತು.

"ಮಧ್ಯಾಹ್ನದಿಂದ ಸೂಟಿ ಕೊಡ್ರಿ ಸಾವಕಾರ್ರೇ. ಪೋರಿಗೆ ದವಾಖಾನಿಗೆ ತೋರಸ್ಕೊಂಡು ಬರ್ತೇನಿ. ತಿಂಗಳಾತು, ನೆಗಡಿ ಬಿಡವಲ್ಲದು. ರಾತ್ರಿ ಮಲಗಾಕ ಆಗಂಗಿಲ್ಲ, ಕುಂತೇ ಬೆಳಕ ಹರಸ್ತಾಳ."

"ನೆಗಡಿಗೆ ದವಾಖಾನಿ?" ಸಾವಕಾರ ನಕ್ಕ. "ಕುರಿ ಕಾಯೋರ ಮನ್ಯಾಗ ಯಾವಾಗಿಂದ ಇಂಥ ನಖರಾ ಸುರು ಆಗ್ಯಾವ? ಒಂದು ಗುಳಿಗಿ ನುಂಗಿಸು, ಶುಂಠಿ ಕಾಸಿ ಕುಡಿಸು. ಸಂಜಿಗಿ ಲಾರಿ ಹೋಗಬೇಕು. ನೀ ಜರಡಿಗೆ ನಡಿ, ಆಕಿ ಧೂಳಿನ ಖೋಲಿಗೆ ಹೋಗ್ಲಿ. ಪಾರ್ಟಿ ಬಂದಾಗ ಆ ಸೀಟಿ ಸಪ್ಪಳ ಅಲ್ಲೇ ಇರ್ಲಿ."

"ಆಕಿ ಬದಲಿ ನಾ ಹೋಗ್ತೇನ್ರಿ."

"ನಂಗ ಬುದ್ಧಿ ಹೇಳ್ತೀ ಏನ್ ರಂಡೆ? ಕಾಯಕದಾಗ ಮೈ ಬಗ್ಗಿಸಿದ್ರ ಬ್ಯಾನಿ ತಾನೇ ಓಡ್ತದ."

ಕುರಿಯ ಮಾತು ಅವನು ಎತ್ತಬಾರದಿತ್ತು. ಜಿಜಾಬಾಯಿಯ ಗಂಡ ಭೀಮಶಾ ಹಿಂಡು ಹೊಡೆದುಕೊಂಡು ಉದಗೀರದ ಕಡೆ ಹೋಗಿದ್ದ. ಒಂದು ಕುರಿಯ ಮೂಗು ಸೋರಿ ಪಕ್ಕೆ ಹಾರತೊಡಗಿದರೆ ಸಾಕು, ಹೆಗಲಿಗೆ ಹಾಕಿಕೊಂಡು ದನದ ದವಾಖಾನೆಗೆ ನಡೆಯುವ ಗಂಡಸು ಅವನು. ಇಲ್ಲಿ ಮಗಳ ಪಕ್ಕೆ ಹಾರುತ್ತಿದೆ, ತಾಯಿ ಕೈಮುಗಿದು ಅಪ್ಪಣೆ ಕೇಳುತ್ತಿದ್ದಾಳೆ. ಥೂ, ಇದೂ ಒಂದು ಬಾಳೇ ಅನ್ನಿಸಿತು. ಏನು ಮಾಡುವುದು, ಮಿಲ್ಲಿನ ಕಂಪೌಂಡಿನೊಳಗಿನ ತಗಡಿನ ಶೆಡ್ಡೇ ಮನೆ. ಕೆಲಸ ಹೋದರೆ ಸೂರೂ ಹೋಯಿತು.

ಓಣಿಯ ಆಶಾ ಕಾರ್ಯಕರ್ತೆ ಹಜಿರಾ ಬೀ ಹಿಂದಿನ ದಿನವೇ ಬಂದು, ಸಾಕ್ಷಿಯ ಕೊರಳ ಕೆಳಗಿನ ಗುಳಿ ಉಸಿರಿಗೊಮ್ಮೆ ಒಳಕ್ಕೆ ಹೋಗುವುದನ್ನು ನೋಡಿ ಸಿಟ್ಟಾಗಿದ್ದಳು.

"ನೆಗಡಿ ಎಂಟ್ಹತ್ತು ದಿನಕ್ಕ ಹೋಗ್ತದ ಜಿಜಾಬಾಯಿ. ಹೋಗಲಿಲ್ಲ, ಎದಿ ಸೀಟಿ ಹೊಡೆಯಾಕತ್ತದ ಅಂದ್ರ ಡಾಕ್ಟರ್‌ಗೆ ತೋರಸಬೇಕು. ಒಂದ್ ಮಾತು ಪೂರಾ ಆಡಾಕ ದಮ್ಮು ಸಾಲಲಿಲ್ಲ, ತುಟಿ ನೀಲಿ ಆತು ಅಂದ್ರ ಯಾರಪ್ಪನ್ನೂ ಕೇಳಬ್ಯಾಡ, ಹೊತಗೊಂಡು ಓಡು. ನಾಳಿ ಮಧ್ಯಾಹ್ನ ನಾನೇ ಆಟೋ ತಗೊಂಡು ಗೇಟಿಗೆ ಬರ್ತೇನಿ."

ಹುಮನಾಬಾದಿನ ಆ ಮಿಲ್ಲಿನಲ್ಲಿ ತೊಗರಿ ಒಡೆದು ಬೇಳೆಯಾಗುವಾಗ ಏಳುವ ಧೂಳನ್ನೆಲ್ಲ ಒಂದು ದೊಡ್ಡ ಪಂಖ ಎಳೆದು ಹಿಂದಿನ ತಗಡಿನ ಖೋಲಿಗೆ ಉಗುಳುತ್ತದೆ. ಅದು ದನದ ತಿಂಡಿಗೆ ಮಾರಾಟವಾಗುವ ಸರಕು. ಹೆಂಗಸರು ಒಬ್ಬೊಬ್ಬರಾಗಿ ಒಳಹೊಕ್ಕು ಸಲಿಕೆಯಿಂದ ಚೀಲ ತುಂಬಬೇಕು. ಧೂಳು ಹಾರಿ ಬೇಳೆಯ ಮೇಲೆ ಕೂತೀತೆಂದು ಬಾಗಿಲಿಗೆ ಹೊರಗಿನಿಂದ ಕೊಂಡಿ. ಬಾಗಿಲಲ್ಲಿ ಅಂಗೈಯಗಲದ ಒಂದು ಕಿಂಡಿ. ತುಂಬಿದ ಚೀಲವನ್ನು ಎತ್ತಿ ಕಿಂಡಿಗೆ ತೋರಿಸಿದರೆ ಕೂಲಿಗಳ ಮೇಲ್ವಿಚಾರಕ ಮುಕಾದಮ ಕೊಂಡಿ ತೆಗೆಯುತ್ತಾನೆ, ಇಲ್ಲವಾದರೆ ಇಲ್ಲ. ಮನುಷ್ಯರು ಒಳಗಿದ್ದಾರೆಂದು ಪಂಖ ನಿಲ್ಲಿಸುವ ರೂಢಿ ಇರಲಿಲ್ಲ. ಪಂಖ ನಿಂತರೆ ಮಿಲ್ಲು ನಿಲ್ಲುತ್ತದಲ್ಲ.

ಜಿಜಾಬಾಯಿ ಜರಡಿ ಆಡಿಸುತ್ತಿದ್ದಳು. ಕಿವಿ ಪೂರ್ತಿ ಖೋಲಿಯ ಕಡೆಗೆ. ಸ್ವಲ್ಪ ಹೊತ್ತಿಗೆ ತಗಡು ಬಡಿಯುವ ಸದ್ದು ಬಂತು.

"ದತ್ತಾತ್ರಿ, ಬಾಗಲಾ ತೆಗಿ," ಅಂತ ಜಿಜಾಬಾಯಿ ಜರಡಿಯ ಕಡೆಯಿಂದಲೇ ಕೂಗಿದಳು.

ಮುಕಾದಮ ದತ್ತಾತ್ರಿ ಕಿಂಡಿಯಲ್ಲಿ ಇಣುಕಿದ. "ಚೀಲ ಅರ್ಧಾನೂ ತುಂಬಿಲ್ಲ ಅಕ್ಕಾ. ತೆಗದ್ರ ಸಾವಕಾರ್ರು ನನ್ನ ಚರ್ಮ ಸುಲೀತಾರ."

ಬಡಿತ ಮುಂದುವರಿಯಿತು. ಆಮೇಲೆ ನಿಂತಿತು. ನಿಂತದ್ದು ಕೇಳಿಸಿದ್ದೇ ತಡ, ಜಿಜಾಬಾಯಿ ಜರಡಿ ಒಗೆದು ಬಂದು ದತ್ತಾತ್ರಿಯನ್ನು ಪಕ್ಕಕ್ಕೆ ನೂಕಿ ಕೊಂಡಿ ಎಳೆದಳು. ಸಾಕ್ಷಿ ಬಾಗಿಲಿಗೆ ಒರಗಿದ್ದವಳು ಹೊರಕ್ಕೆ ಬಿದ್ದಳು. ರೆಪ್ಪೆಯ ಮೇಲೆಲ್ಲ ಹಳದಿ ಧೂಳು. ತುಟಿ ಮಾತ್ರ ನೀಲಿ.

"ಅವ್ವಾ... ದಮ್..." ಅಂದಳು. ಮುಂದಿನದು ಬರಲಿಲ್ಲ.

ಜಿಜಾಬಾಯಿ ಮಗಳನ್ನು ಹೊತ್ತುಕೊಂಡು ಗೇಟಿಗೆ ಓಡಿದಳು. ಸರಳಿನಾಚೆ ಅಬ್ದುಲ್ ಕರೀಂನ ಆಟೋ, ಅದರಲ್ಲಿ ಹಜಿರಾ ಬೀ. ಗೇಟಿಗೆ ಬೀಗ. ಬೀಗದ ಕೈ ಸಾವಕಾರನ ಬೆರಳಲ್ಲಿ ತಿರುಗುತ್ತಿತ್ತು.

"ಪೋರಿ ಒಬ್ಬಾಕಿ ಹೋಗ್ಲಿ. ನೀ ಇಲ್ಲೇ ಇದ್ದು ಆಕಿ ಬಿಟ್ಟ ಚೀಲ ತುಂಬು. ಡಾಕ್ಟರ್ ಕೇಳಿದ್ರ ಮನ್ಯಾಗ ಒಲಿ ಹೊಗಿ ಕುಡದಾಳ ಅಂತ ಹೇಳಸು. ಮಿಲ್ಲಿನ ಹೆಸರು ಬಂದ್ರ ನಿಮ್ಮ ಗಂಟುಮೂಟಿ ರೋಡಿನ್ಯಾಗ ಬೀಳ್ತದ. ಒಪ್ಪಿಗಿ ಇದ್ರ ಗೇಟು ತೆಗೀತೇನಿ."

"ಯಾ ಅಲ್ಲಾ," ಅಂದಳು ಹಜಿರಾ ಬೀ, "ಇದೇನು ಮನಷಾನೋ ಏನು."

"ಒಪ್ಪಿಗಿ ಅದ್ರಿ. ತೆಗೀರಿ," ಅಂದಳು ಜಿಜಾಬಾಯಿ.

ಆಟೋ ರಸ್ತೆಯ ತಿರುವು ದಾಟುವವರೆಗೂ ಅವಳು ಸರಳು ಹಿಡಿದು ನಿಂತಳು. ಬಳಿಕ ಖೋಲಿಯ ಮುಂದೆ ಬಂದು ಚಕ್ಕಳಮಕ್ಕಳ ಹಾಕಿ ಕೂತಳು. ಜರಡಿಯ ಜೊತೆಗಾತಿ ಸರುಬಾಯಿ ಬಂದು ಪಕ್ಕಕ್ಕೆ ಕೂತಳು. ಉಳಿದ ಹೆಂಗಸರೂ ಬಂದರು. ಲಾರಿಯ ಡ್ರೈವರ್ ಬೀಡಿ ಸೇದುತ್ತ ತಮಾಷೆ ನೋಡುತ್ತಿದ್ದ.

"ಏಳ್ರಿ, ಹರಾಮಖೋರರಾ. ಮಾತು ಕೊಟ್ಟಿಲ್ಲೇನ್?" ಸಾವಕಾರ ಒದರಿದ.

"ನನ್ನ ಮಗಳ ದಮ್ಮು ನುಂಗಿದ ಖೋಲಿಗೆ ನಾ ಹೋಗಂಗಿಲ್ಲ," ಅಂದಳು ಜಿಜಾಬಾಯಿ. "ಏನ್ ಕಿತ್ಕೋತೀ ಕಿತ್ಕೋ."

ಲಾರಿಯವನ ಎದುರು ಈ ಮಾತು ಸಾವಕಾರನಿಗೆ ನಾಟಿತು. "ಏನದ ಒಳಗ, ಹುಲಿ ಅದ ಏನು? ಇದೇ ಧೂಳಿನ್ಯಾಗ ಆಡಿ ಬೆಳದಂವ ನಾ. ನೋಡ್ರಿ ಬೇಕಾದ್ರ, ನಾನೇ ಹೊಕ್ಕು ತೋರಸ್ತೇನಿ. ಏ ದತ್ತಾತ್ರಿ, ಈ ಫೋನ್ ಹಿಡಿ, ಧೂಳ ಆಗ್ತದ. ಪಂಖಾ ಬಂದ್ ಮಾಡು."

ಪಂಖ ನಿಂತಿತು. ಇಷ್ಟು ವರ್ಷ ಹೆಂಗಸರಿಗಾಗಿ ಒಮ್ಮೆಯೂ ನಿಲ್ಲದ ಪಂಖ. ಸಾವಕಾರ ಬಿಳಿ ಅಂಗಿಯ ತೋಳೇರಿಸಿ ಒಳಗೆ ಕಾಲಿಟ್ಟು, ಸಲಿಕೆಗೆ ಕೈ ಹಾಕಿ ತಿರುಗಿ ನೋಡಿದ. ಜಿಜಾಬಾಯಿ ಎದ್ದಳು. ಬಾಗಿಲು ದೂಡಿ ಕೊಂಡಿ ಹಾಕಿದಳು.

ಸರುಬಾಯಿ ನೆಟ್ಟಗೆ ಹೋಗಿ ಪಂಖದ ಖಟಕಾ ಒತ್ತಿದಳು.

ತಗಡು ಗುಡುಗಿತು. "ತೆಗಿಯೇ ಬೋಸಡಿ! ದತ್ತಾತ್ರಿ, ಭಾಡ್ಯಾ..." ಬೈಗುಳ ಕೆಮ್ಮಾಯಿತು, ಕೆಮ್ಮು ನಿಲ್ಲದಾಯಿತು. ದತ್ತಾತ್ರಿ ಮುಂದಕ್ಕೆ ಒಂದು ಹೆಜ್ಜೆ ಇಟ್ಟ. ಸರುಬಾಯಿ ಗೋಡೆಗೆ ಒರಗಿಸಿದ್ದ ಇನ್ನೊಂದು ಸಲಿಕೆ ಎತ್ತಿದ್ದು ನೋಡಿ ಹಿಂದಕ್ಕಿಟ್ಟ.

"ಚೀಲ ತೋರಸ್ರಿ ಸಾವಕಾರ್ರೇ, ತೆಗೀತೇನಿ," ಅಂದಳು ಜಿಜಾಬಾಯಿ ಕಿಂಡಿಗೆ ಬಾಯಿ ಹಚ್ಚಿ. "ನಿಮ್ಮದೇ ಕಾಯದಾ."

ಅಷ್ಟರಲ್ಲಿ ದತ್ತಾತ್ರಿಯ ಸ್ವಂತ ಫೋನು ಬಡಿದುಕೊಂಡಿತು. ಹಜಿರಾ ಬೀ. ಅವನು ಅದನ್ನು ಜಿಜಾಬಾಯಿಗೆ ಕೊಟ್ಟ.

"ಆಕ್ಸಿಜನ್ ಹಚ್ಯಾರ. ಜೀವ ಅದ, ಆದ್ರ ಇನ್ನಾ ಏನೂ ಹೇಳಾಕ ಬರಂಗಿಲ್ಲ ಅಂತಾರ. ಡಾಕ್ಟರಮ್ಮ ಭಾಳ ಬಯ್ಯಾಕತ್ತಾರ. ತಗೋ, ನೀನೇ ಮಾತಾಡು."

"ಏನಮ್ಮ, ಒಂದು ತಿಂಗಳು ಯಾಕೆ ಸುಮ್ಮನಿದ್ರಿ?" ಡಾಕ್ಟರ್ ದನಿ ಬಿರುಸಾಗಿತ್ತು. "ಇಷ್ಟಾಗೋವರೆಗೂ ಗೊತ್ತಾಗಲಿಲ್ವಾ ನಿಮಗೆ?"

"ನನಗ ಗೊತ್ತಾಗಿತ್ರಿ. ತಡಾ ಮಾಡ್ದೋರು ಇಲ್ಲೇ ಅದಾರ. ಅವರನ್ನೇ ಕೇಳ್ರಿ."

ಅವಳು ಫೋನನ್ನು ಕಿಂಡಿಗೆ ಹಿಡಿದಳು. ಒಳಗಿನಿಂದ ಉಂಗುರದ ಬೆರಳುಗಳು ಬಂದು ಕಿಂಡಿಯ ಅಂಚನ್ನು ಕಚ್ಚಿ ಹಿಡಿದವು.

"ಬಾ... ಬಾಗ..." ಅಂದಿತು ದನಿ. ಮುಂದಿನದು ಬರಲಿಲ್ಲ. ಸೀಟಿ ಬಂತು, ಸಣ್ಣಗೆ, ಉದ್ದಕ್ಕೆ. ಹೆಂಗಸರೆಲ್ಲ ಕೇಳಿದರು.

ಜಿಜಾಬಾಯಿ ಫೋನನ್ನು ಮತ್ತೆ ಕಿವಿಗಿಟ್ಟಳು.

"ಯಾರದು? ಉಸಿರು ಸರಿಯಿಲ್ಲ ಅವರದು," ಅನ್ನುತ್ತಿದ್ದಳು ಡಾಕ್ಟರ್. "ಅವರನ್ನೂ ಈಗಿಂದೀಗಲೇ ಕರ್ಕೊಂಡು ಬನ್ನಿ. ಕೇಳಿಸ್ತಾ ಇದೆಯಾ?"

ಜಿಜಾಬಾಯಿ ಕಿಂಡಿಯಲ್ಲಿ ಇಣುಕಿದಳು. ಸಾಕ್ಷಿ ಬಿಟ್ಟ ಚೀಲ ಅರ್ಧಕ್ಕೂ ಬಾರದೆ ಹಾಗೇ ನೆಲದ ಮೇಲೆ ಬಿದ್ದಿತ್ತು.

"ಕೇಳಸ್ತದ್ರಿ," ಅಂದಳು. "ಕರ್ಕೊಂಡು ಬರ್ತೇವಿ. ಚೀಲ ಒಂದ್ ತುಂಬಲಿ."