ನೂರಕ್ಕೆ ಒಂದು ಹೆಚ್ಚು

ಟಕ್ ಟಕ್. ಸ್ವಲ್ಪ ಬಿಡುವು. ಟಕ್.

ಮರದ ಮಾದರಿ ಕೆತ್ತುವ ಪ್ಯಾಟರ್ನ್ ಶಾಪಿನ ಬಾಗಿಲನ್ನು ರಾತ್ರಿ ಯಾರೋ ಬೆರಳಿನ ಉಂಗುರದಿಂದ ತಟ್ಟಿದರು. ಒಳಗೆ ಯಾರೂ ಇರಲಿಲ್ಲ. ಬಾಗಿಲು ಮೆಲ್ಲನೆ ಸರಿಯಿತು. ಕತ್ತಲಲ್ಲಿ ಒಂದು ಕೈ ಬೆಂಚಿನ ಮೇಲೆ ತಡವರಿಸಿ ನನ್ನನ್ನು ಎತ್ತಿಕೊಂಡಿತು.

ನಾನು ಒಂದು ಉಕ್ಕಿನ ಅಳತೆಪಟ್ಟಿ. ಹುಟ್ಟಿನಿಂದಲೇ ಸುಳ್ಳು ಹೇಳುವ ಪಟ್ಟಿ. ಕರಗಿದ ಕಬ್ಬಿಣ ಅಚ್ಚಿನಲ್ಲಿ ತಣಿಯುವಾಗ ನೂರಕ್ಕೆ ಒಂದು ಪಾಲು ಕುಗ್ಗುತ್ತದೆ. ಆದ್ದರಿಂದ ಅಚ್ಚು ತೆಗೆಯುವ ಮರದ ಮಾದರಿಯನ್ನು ಅಷ್ಟು ದೊಡ್ಡದಾಗಿಯೇ ಕೆತ್ತಬೇಕು. ನನ್ನನ್ನು ತಯಾರಿಸಿದವರು ಆ ಹೆಚ್ಚುವರಿಯನ್ನು ನನ್ನ ಗೆರೆಗಳಲ್ಲಿಯೇ ಸೇರಿಸಿದರು. ನಾನು ನೂರು ಎಂದರೆ ಅದು ನಿಜವಾಗಿ ನೂರಾ ಒಂದು. ನೋಡಲು ಮಾತ್ರ ಬೇರೆ ಪಟ್ಟಿಗಳಂತೆಯೇ ಇದ್ದೇನೆ.

ಬೆಳಗಾವಿಯ ಪಂಪು ಕಾರ್ಖಾನೆಯೊಂದರ ಮಾದರಿಗಾರ ಗುರಪ್ಪ ಬಡಿಗೇರರ ಕೈಗೆ ಬಂದೆ. ನನ್ನ ಮೇಲೆ ಕೆತ್ತಿದ್ದ ಎಚ್ಚರಿಕೆಯ ಅಕ್ಷರಗಳು ಇಪ್ಪತ್ತೆಂಟು ವರ್ಷ ಅವರ ಬೆವರಿಗೆ ಸವೆದು ಅಳಿಸಿಹೋದವು. ಅದಕ್ಕೆ ಬದಲಾಗಿ ಅವರು ಅರದಿಂದ ನನ್ನ ತುದಿಗೆ ಒಂದು ಕಚ್ಚು ಹಾಕಿದರು. ಅದನ್ನು ಬಲ್ಲದ್ದು ಅವರ ಹೆಬ್ಬೆರಳು ಮಾತ್ರ.

ಆಮೇಲೆ ಹೊಸ ಪದ್ಧತಿ ಬಂತು. ಮೊದಲೆಲ್ಲ ನಕ್ಷೆ ಮುಗಿದ ಮೇಲೆ ಮಾದರಿ, ಅದು ಮುಗಿದ ಮೇಲೆ ಎರಕ, ಆಮೇಲೆ ಯಂತ್ರದ ಕೆಲಸ ನಡೆಯುತ್ತಿತ್ತು. ನಕ್ಷೆ ಬರೆಯುವ ಎಂಜಿನಿಯರ್ ಸುಲೋಚನಾ ಕಿತ್ತೂರ ಎಲ್ಲರನ್ನೂ ಒಂದೇ ಮೇಜಿಗೆ ಕೂರಿಸಿದರು.

“ಒಬ್ಬರ ಕೆಲಸ ಮುಗಿಯೂ ತನಕ ಇನ್ನೊಬ್ಬರು ಕಾಯೂದು ಬ್ಯಾಡ್ರಿ. ಎಲ್ಲಾ ಕೂಡೇ ಸುರು ಮಾಡೋಣ. ಒಬ್ಬರಿಲ್ಲಂದ್ರ ಇನ್ನೊಬ್ಬರು ಕೈ ಹಚ್ಚೋಣ.”

“ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲೀರಿ ಅಂತೀರಿ, ಬಾಯಾರ,” ಎಂದು ಗುರಪ್ಪ ನಕ್ಕರು.

ಹಾಗೆಯೇ ಆಯಿತು. ನಕ್ಷೆಯ ಒಂದು ಮೂಲೆ ಇನ್ನೂ ಖಾಲಿ ಇದ್ದಾಗಲೇ ಮಾದರಿ ಸಿದ್ಧವಾಯಿತು. ಗುರಪ್ಪ ಅದರೊಂದಿಗೆ ಎರಡು ದಿನ ಎರಕದ ಮನೆಯಲ್ಲೇ ಉಳಿದರು. ಅದೇ ಹೊತ್ತಿಗೆ ಎರಕವನ್ನು ಯಂತ್ರದಲ್ಲಿ ಹಿಡಿದಿಡುವ ಫಿಕ್ಸ್‌ಚರಿನ ಕೆಲಸ ಫಿಟ್ಟರ್ ದಸ್ತಗೀರನ ಬೆಂಚಿನ ಮೇಲೆ ಸಾಗಿತ್ತು. ಆ ರಾತ್ರಿ ನನ್ನನ್ನು ಒಯ್ದದ್ದೂ ಅಲ್ಲಿಗೇ. ಆ ಕೈ ನನ್ನನ್ನು ಉಕ್ಕಿನ ಹಲಗೆಗೆ ಒತ್ತಿ, ನಾನೂರು ಮಿಲಿಮೀಟರ್ ಅಂತರಕ್ಕೆ ಎರಡು ಗುರುತು ಗೀಚಿ, ಅಲ್ಲಿಯೇ ಬಿಟ್ಟು ಹೋಯಿತು.

ಶನಿವಾರ ಮೊದಲ ಎರಕ ಬಂತು. ಅದರ ತೂತುಳ್ಳ ಎರಡು ಕಿವಿಗಳು ಫಿಕ್ಸ್‌ಚರಿನ ಎರಡು ಗೂಟಗಳಿಗೆ ಕೂರಲಿಲ್ಲ. ಮ್ಯಾನೇಜರ್ ಅಚ್ಯುತರಾವ್ ಹುದ್ದಾರರು ಕೈಗೆ ಸಿಕ್ಕ ಪಟ್ಟಿಯಿಂದ, ಅಂದರೆ ನನ್ನಿಂದ, ಎರಡನ್ನೂ ಅಳೆದರು. ಗೂಟಗಳ ನಡುವೆ ನಾನೂರು. ಎರಕದಲ್ಲಿ ಮುನ್ನೂರ ತೊಂಬತ್ತಾರು.

“ಕುಗ್ಗೂದನ್ನ ಲೆಕ್ಕಕ್ಕ ಹಿಡದಿಲ್ಲ ನೀವು. ಕಣ್ಣು ಹೋಗ್ಯಾವ, ಬಡಿಗೇರ. ಸೋಮವಾರದಿಂದ ಬರೂದು ಬ್ಯಾಡ.”

“ಇನ್ನೊಮ್ಮೆ ಅಳದು ನೋಡ್ರಿ ಸರ್. ಅಜ್ಜಾರ ಕೈ ತಪ್ಪಂಗಿಲ್ಲ,” ಎಂದರು ಸುಲೋಚನಾ.

ಹುದ್ದಾರರು ಮತ್ತೆ ನನ್ನಿಂದಲೇ ಅಳೆದರು. ನಾನು ಮತ್ತೆ ಅದೇ ಸುಳ್ಳನ್ನು ಹೇಳಿದೆ.

ಗುರಪ್ಪ ಕೈ ಚಾಚಿ ನನ್ನನ್ನು ತೆಗೆದುಕೊಂಡರು. ಹೆಬ್ಬೆರಳು ನನ್ನ ತುದಿಗೆ ಸರಿದು ಕಚ್ಚಿನಲ್ಲಿ ನಿಂತಿತು.

“ಇದು ನನ್ನ ಪಟ್ಟಿ, ಸಾಹೇಬ್ರ. ಇಲ್ಲಿಗೆ ಹ್ಯಾಂಗ ಬಂತು?”

ಸಾದಾ ಪಟ್ಟಿ ತರಿಸಿದರು. ಎರಕ ಸರಿಯಾಗಿ ನಾನೂರು ಇತ್ತು. ಗೂಟಗಳ ಅಂತರ ನಾನೂರ ನಾಲ್ಕು. ಗುರಪ್ಪನವರ ಕೆಲಸ ಉಳಿಯಿತು. ಮೇಜಿನ ಸುತ್ತ ಇದ್ದವರೆಲ್ಲ ದಸ್ತಗೀರನತ್ತ ತಿರುಗಿದರು.

“ನನ್ನ ಯಾಕ ನೋಡ್ತೀರಿ?” ಎಂದ ದಸ್ತಗೀರ. “ಮುಂಜಾನಿ ಬಂದಾಗ ಗುರುತು ಹಾಕಿದ್ದು ಇತ್ತು. ಕೂಡಿ ಮಾಡೂದು ಅಂದಿದ್ರಲ್ಲ, ಯಾರೋ ಹಾಕ್ಯಾರ ಅಂತ ಗೂಟಕ್ಕ ತೂತು ಕೊರದೆ.”

ಯಾರೂ ಒಪ್ಪಿಕೊಳ್ಳಲಿಲ್ಲ. ನಾನು ಕೆಳಗಿನಿಂದ ಕೈಗಳನ್ನು ಗಮನಿಸುತ್ತಿದ್ದೆ. ಹುದ್ದಾರರ ಬೆರಳಲ್ಲಿ ಹವಳ, ದಸ್ತಗೀರನ ಬೆರಳಲ್ಲಿ ಬೆಳ್ಳಿ, ಸುಲೋಚನಾರ ಬೆರಳಲ್ಲಿ ನಿಶ್ಚಿತಾರ್ಥದ ಬಂಗಾರ. ಅಂದಿನಿಂದ ಉಪಕರಣದ ಪೆಟ್ಟಿಗೆಗಳಿಗೆಲ್ಲ ಬೀಗ ಬಿತ್ತು. ದಸ್ತಗೀರ ಬಂದರೆ ಮಾತು ನಿಲ್ಲುತ್ತಿತ್ತು. ಆರು ತಿಂಗಳಲ್ಲಿ ಅವನು ಕೆಲಸ ಬಿಟ್ಟ.

“ಅಜ್ಜಾ, ನೀವೂ ನನ್ನ ಮ್ಯಾಲ ಸಂಶೆ ಪಡ್ತೀರೇನು?” ಎಂದು ಹೊರಡುವ ದಿನ ಗುರಪ್ಪನವರನ್ನು ಕೇಳಿದ.

“ಹುಚ್ಚಾ! ನೀ ಗೀಚಿದ್ರ ಉಕ್ಕು ಚೀರತೈತಿ. ಆ ಗುರುತು ಪೆನ್ಸಿಲ್ ಹಿಡದ ಕೈಯಿಂದು. ಭಾಳ ಹಗೂರ ಇತ್ತು.”

ಹೆಸರನ್ನು ಮಾತ್ರ ಅವರು ಹೇಳಲಿಲ್ಲ. ನಿವೃತ್ತಿಯ ದಿನ ನನ್ನನ್ನು ಅದೇ ಮೇಜಿನ ಮೇಲಿಟ್ಟರು. “ಇದು ಸುಳ್ಳು ಹೇಳತೈತಿ, ಖರೆ. ಆದ್ರ ಯಾವತ್ತೂ ಒಂದ ಸುಳ್ಳು. ಮನಷ್ಯಾರಂಗಲ್ಲ,” ಎಂದು ಹೊರಟುಹೋದರು.

ಈಗ ತರಬೇತಿ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿದ್ದೇನೆ. ಅಂಚಿಗೆ ತುಕ್ಕು ಹಿಡಿದಿದೆ. ಹೊಸಬರಿಗೆ ನನ್ನನ್ನು ತೋರಿಸಿ ಎಚ್ಚರಿಸುತ್ತಾರೆ. ಬಚ್ಚಿಡದ ಸುಳ್ಳಿಗೆ ಗಾಜಿನ ಮನೆ ದೊರೆಯಿತು. ಬಚ್ಚಿಟ್ಟ ಮೌನಕ್ಕೆ ಏನು ದೊರೆಯಿತೋ ಎಂದು ನಾನು ಬಹುಕಾಲ ಯೋಚಿಸಿದ್ದೆ.

ನಿನ್ನೆ ಸಂಜೆ, ಎಲ್ಲರೂ ಹೋದ ಮೇಲೆ, ಕಾರ್ಖಾನೆಯ ಈಗಿನ ಮುಖ್ಯಸ್ಥರು ಒಬ್ಬರೇ ಬಂದು ನನ್ನ ಮುಂದೆ ನಿಂತರು. ಆಮೇಲೆ ಬೆರಳಿನ ಉಂಗುರದಿಂದ ಗಾಜನ್ನು ತಟ್ಟಿದರು. ಟಕ್ ಟಕ್. ಸ್ವಲ್ಪ ಬಿಡುವು. ಟಕ್.

ಸುಲೋಚನಾ ಕಿತ್ತೂರ.