ಎರಡೂವರೆ ಮಿಲಿಮೀಟರು ಮಳೆ

ಸಹೃದಯರೇ, ಧಾರವಾಡದ ಮಳೆಯನ್ನು ಕಂಡಿದ್ದೀರಾ? ಹುಬ್ಬಳ್ಳಿಯ ಕರಿಮಣ್ಣಿನ ಬಯಲು ಮೆಲ್ಲಮೆಲ್ಲನೆ ಏರುತ್ತ ಬಂದು, ಮಲೆಸೀಮೆಯ ಹಸಿರಂಚನ್ನು ಮುಟ್ಟುವ ಮೊದಲು ತುಸು ನಿಂತು ಉಸಿರೆಳೆದುಕೊಳ್ಳುವ ದಿಬ್ಬದ ಮೇಲೆ ಕುಳಿತ ಊರದು. ಇಲ್ಲಿ ಬಿದ್ದ ಹನಿಗಳಲ್ಲಿ ಕೆಲವು ಶಾಲ್ಮಲೆಯ ಕಣಿವೆಗಿಳಿದು ಪಡುವಣ ಕಡಲಿಗೆ ಹೊರಟರೆ, ಅವುಗಳ ಮಗ್ಗುಲಲ್ಲೇ ಬಿದ್ದ ಇನ್ನು ಕೆಲವು ಮಲಪ್ರಭೆಯನ್ನು ಹುಡುಕುತ್ತ ಮೂಡಣದ ಹಾದಿ ಹಿಡಿಯುತ್ತವೆ. ಜ್ಯೇಷ್ಠ ಕಾಲಿಟ್ಟಿತೆಂದರೆ, ಸಾಯಂಕಾಲದ ಶೀತಲ ಸಮೀರಣದಲ್ಲಿ ದೂರದ ನೆಲ ನೆನೆದ ಪರಿಮಳ ತೇಲಿಬಂದು, ಸಪ್ತಾಪುರದ ಬಾಡಿಗೆ ಖೋಲಿಗಳ ಕಿಟಕಿಗಳೆಲ್ಲ ತೆರೆದುಕೊಳ್ಳುತ್ತವೆ. ಆ ಗಾಳಿಗೆ ಎದೆ ಕುಣಿಯದವನಿಗೆ ಎದೆಯೇ ಇಲ್ಲವೆನ್ನುತ್ತೇನೆ ನಾನು, ಬೇಕಾದರೆ ಜಗಳಕ್ಕೆ ಬನ್ನಿ!

೧೯೬೨ರಲ್ಲಿ ಅಂಥದೊಂದು ಖೋಲಿಯಲ್ಲಿ ಭೂಗೋಳದ ಮಾಸ್ತರ ಅರ್ಜುನಪ್ಪನಿದ್ದ. ಶಾಲೆಯಂಗಳದ ಮಳೆಮಾಪಕವೇ ಅವನ ಪಾಲಿನ ದೇವರು. ದಿನವೂ ಮುಂಜಾನೆ ಎಂಟೂವರೆಗೆ ಅವನು ಅಳತೆಗಾಜನ್ನು ಕಣ್ಣೆತ್ತರಕ್ಕೆ ಹಿಡಿದು ಅಂಕಿ ಹೇಳುವನು. ಕನ್ನಡ ಕಲಿಸುವ ಶೇವಂತೆವ್ವ ಪುಸ್ತಕದಲ್ಲಿ ಬರೆದುಕೊಳ್ಳುವಳು. ಒಂದು ವರ್ಷದಲ್ಲಿ ಅವರಿಬ್ಬರ ನಡುವೆ ಅಂಕಿಗಳ ಹೊರತು ಬೇರೆ ಮಾತಿಲ್ಲ. ಆದರೆ "ಸೊನ್ನೆ" ಎಂಬ ಶಬ್ದವನ್ನು ಅವನಷ್ಟು ಮಧುರವಾಗಿ ಉಚ್ಚರಿಸಿದ ಗಂಡಸು ಈ ಸೀಮೆಯಲ್ಲಿ ಹುಟ್ಟಿರಲಾರ.

ಜೂನ್ ಒಂದರಂದು ಅವಳು ಪುಸ್ತಕ ಮುಚ್ಚಿ, ತಲೆ ತಗ್ಗಿಸಿ ನಿಂತಳು.

"ಸರ್ರ, ಗದಗಿಂದ ನನಗೊಂದು ಸಂಬಂಧ ಬಂದೈತ್ರಿ. ಮುಂಗಾರಿನ ಮೊದಲ ಮಳಿ ಬಿದ್ದ ಮ್ಯಾಲ ಮಾತು ಕೊಡೂದು ನಮ್ಮ ಮನಿ ಪದ್ಧತಿ. ನಾಕು ಹನಿ ಬಿದ್ರ ಮಳಿ ಅಲ್ಲ, ಎರಡೂವರಿ ಮಿಲಿಮೀಟರ ಆಗಬೇಕಂತ ನಾನಽ ಅಪ್ಪಾರಿಗೆ ಹೇಳೇನಿ. ಅಷ್ಟರೊಳಗ ಯಾರರ ಏನರ ಕೇಳೂದಿದ್ರ ಕೇಳಲಿ ಅಂದಾರ್ರಿ."

ಅರ್ಜುನಪ್ಪ ಬಹಳ ಯೋಚಿಸಿ ಹೇಳಿದ: "ಹತ್ತು ವರ್ಷದ ಸರಾಸರಿ ನೋಡಿದ್ರ ಮುಂಗಾರು ಬರೂದು ಒಂಬತ್ತನೇ ತಾರೀಖಿಗೆ, ಬಾಯಾರ. ಇನ್ನೂ ಎಂಟು ದಿನ ಐತ್ರಿ."

ಅಯ್ಯೋ ಪುಣ್ಯಾತ್ಮ! ಹೆಣ್ಣು ಹೃದಯ ಬಿಚ್ಚಿಟ್ಟರೆ ಇವನು ಸರಾಸರಿ ತೆಗೆದ. ಅವಳು ಪುಸ್ತಕ ಬಗಲಿಗಿಟ್ಟು ಒಳಗೆ ಹೋದಳು.

ಮರುದಿನ ಮಧ್ಯಾಹ್ನವೇ ಪಡುವಣ ದಿಗಂತ ಕಾಡಿಗೆ ತೀಡಿದಂತೆ ಕಪ್ಪಾಯಿತು. ಹುಣಸೆಮರಗಳು ತೂಗಿದವು, ಹೆಂಚುಗಳು ಸದ್ದು ಮಾಡಿದವು, ಮಕ್ಕಳು ಪಾಟಿ-ಬಳಪ ಬಿಟ್ಟು ಅಂಗಳಕ್ಕೆ ಧಾವಿಸಿದರು... ಬಂತು, ಬಂದೇಬಿಟ್ಟಿತು, ಸಹಸ್ರಧಾರೆಯಾಗಿ, ಸರಾಸರಿಯನ್ನು ಕಾಲಡಿ ಹಾಕಿ ತುಳಿಯುತ್ತ! ಹದಿನೈದೇ ನಿಮಿಷ ಸುರಿದು ನಿಂತಿತು. ಅರ್ಜುನಪ್ಪ ತೊಯ್ದು ತಪ್ಪಡಿಯಾಗಿ ಮಳೆಮಾಪಕದ ಪಕ್ಕ ನಿಂತೇ ಇದ್ದ. ಅಷ್ಟು ಸುಖವೂ ಅಷ್ಟು ಭಯವೂ ಅವನಿಗೆ ಒಟ್ಟಿಗೆ ಎಂದೂ ಆಗಿರಲಿಲ್ಲ.

ಮಾರನೆಯ ಮುಂಜಾನೆ ಎಂಟೂವರೆಗೆ ಶೇವಂತೆವ್ವನ ಜೊತೆ ಅವಳ ತಂದೆ, ಕಚೇರಿಯ ಕಾರಕೂನ ಸೋಮಪ್ಪ, ಬಂದಿದ್ದರು. ಬಗಲಲ್ಲಿ ಛತ್ರಿ, ಕೈಯಲ್ಲಿ ಗದಗಿನ ವಿಳಾಸ ಬರೆದ ಕಾಗದ.

"ಮಳಿ ಆತೋ ಇಲ್ಲೋ, ನಿಮ್ಮ ಗಾಜಽ ಹೇಳಲಿ, ಮಾಸ್ತರ್ರ."

ಅರ್ಜುನಪ್ಪ ನೀರು ಸುರಿದು ಗಾಜನ್ನು ಎತ್ತಿ ಹಿಡಿದ. ಎರಡು ಪಾಯಿಂಟ ಆರು. ಎರಡೇ ಎರಡು ಗೆರೆ ಕಡಿಮೆ ಹೇಳಿದರೆ ಅದು ಮಳೆಯೇ ಅಲ್ಲ, ಇನ್ನಷ್ಟು ದಿನ ಅವಳು ಯಾರವಳೂ ಅಲ್ಲ. ಗೆರೆ ಕಾಣುತ್ತಿದ್ದುದು ಅವನೊಬ್ಬನಿಗೇ. ಗಾಜನ್ನು ಮತ್ತೊಮ್ಮೆ ಕಣ್ಣೆತ್ತರಕ್ಕೆ ತಂದ.

"ಎರಡು ಪಾಯಿಂಟ ಆರು," ಎಂದ. "ಮಳಿ ಆಗೈತ್ರಿ."

ಶೇವಂತೆವ್ವನ ಲೇಖನಿ ಅಲುಗಲಿಲ್ಲ. "ಇಷ್ಟಽ ಏನ್ರಿ ಸರ್ರ, ನೀವು ಹೇಳೂದು?"

"ಇಷ್ಟಽ ಅಲ್ರಿ." ಅವನು ಸೋಮಪ್ಪನವರತ್ತ ತಿರುಗಿದ. "ಗದಗಿಗೆ ಮಾತು ಕೊಡಬ್ಯಾಡ್ರಿ, ಕಾಕಾ. ನನಗ ಕೊಡ್ರಿ. ಸರಾಸರಿ ನಂಬಿ ಕುಂತೆ, ತಪ್ಪಾತು."

ಸೋಮಪ್ಪ ಮೂಗಿನ ಮೇಲೆ ಚಾಳೀಸು ಏರಿಸಿ, ಗಾಜನ್ನು ತಾವೇ ಇಸಿದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಬಾಯಿಂದ "ನೀವು" ಹೋಗಿ "ನೀ" ಬಂತು.

"ಎರಡು ಗೆರಿ ಕಮ್ಮಿ ಹೇಳಿದ್ರ ನಿನಗ ದಿನ ಸಿಗತಿದ್ದುವು, ತಮ್ಮಾ. ಹಂಗ ಹೇಳಿದ್ದಿ ಅಂದ್ರ ಈ ಕಾಗದ ಈಗಽ ಅಂಚೆ ಡಬ್ಬಿಗೆ ಬೀಳತಿತ್ತು."

ಕಾಗದವನ್ನು ಅವರು ಮಗಳ ಕೈಗಿತ್ತರು. ಅವಳು ಅದನ್ನು ಪುಸ್ತಕದಡಿ ಒತ್ತಿಟ್ಟು, ಅಂಕಿಯನ್ನು ದುಂಡಗೆ ಬರೆದು, ವರ್ಷವಿಡೀ ಖಾಲಿಯಿದ್ದ ಷರಾ ಕಾಲಮ್ಮಿನಲ್ಲಿ "ಮಳೆ ಬಂತು" ಎಂದು ಸೇರಿಸಿದಳು.

ಆಕಾಶದ ನೀರಿಗೆ ಗಾಜಿನ ಮೇಲೆ ಗೆರೆಗಳುಂಟು, ಸಹೃದಯರೇ. ಅನುರಾಗಕ್ಕೆ ಅಂಥ ಗೆರೆಗಳಿಲ್ಲ. ತನಗೇ ಎದುರು ನಿಂತ ಸತ್ಯವನ್ನು ಕಣ್ಣೆತ್ತರಕ್ಕೆ ಎತ್ತಿ ಹಿಡಿಯುವ ಗಳಿಗೆಯಲ್ಲಿ ಮಾತ್ರ ಅದು ಎಷ್ಟೆಂಬುದು ತಿಳಿಯುತ್ತದೆ. ಅದೊಂದು ತಿಳಿದ ಮೇಲೆ, ದಿಬ್ಬದ ಹನಿ ಪಡುವಣಕ್ಕೆ ಹರಿದರೇನು, ಮೂಡಣಕ್ಕೆ ಹರಿದರೇನು...